ಐದಡಿಯ ಜಂತಿ

ಗರಗಸದ ಸದ್ದು ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಪಕ್ಕದವರು ಹೊಸ ಬಾಗಿಲು ಮಾಡಿಸಿಕೊಂಡರೆ ಅಜ್ಜಿಗೇಕೆ ಹೊಟ್ಟೆಯುರಿ ಎಂದು ಮೊಮ್ಮಕ್ಕಳು ನಗುತ್ತಾರೆ. ನಗಲಿ, ಅವರಿಗೇನು ಗೊತ್ತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ನಾಲ್ಕು ದಿನ ಒಂದು ಕೋಣೆಯಲ್ಲಿ ಕೂತು, ಕೆಳಗೆ ಅಂಗಳದಲ್ಲಿ ಹನ್ನೊಂದು ಸಾಗವಾನಿ ಜಂತಿಗಳನ್ನು ತಪ್ಪು ಅಳತೆಗೆ ಕೊಯ್ಯುವುದನ್ನು ನೋಡಿದ್ದೇನೆ. ತಪ್ಪು ಎಂದು ನನಗೆ ಗೊತ್ತಿತ್ತು. ಬಾಯಿಯೂ ಇತ್ತು.

ನಮ್ಮ ಮನೆ ಪುಣೆಯ ಪೇಟೆಯೊಂದರ ಗಲ್ಲಿಯಲ್ಲಿತ್ತು. ಮಾವನವರು ಧಾರವಾಡದ ಕಡೆಯಿಂದ ಸರಕಾರಿ ಕಚೇರಿಯ ಕಾರಕೂನರಾಗಿ ಬಂದವರು, ಪೆನ್ಶನ್ ಆದ ಮೇಲೆ ಒಂದು ಹಳೆಯ ವಾಡೆಯ ಹಿಂಭಾಗವನ್ನು ಕೊಂಡುಕೊಂಡು ಇಲ್ಲೇ ನೆಲೆ ನಿಂತಿದ್ದರು. ಕೆಳಗೆ ಅಡುಗೆಮನೆ, ದೇವರಮನೆ, ಪಡಸಾಲೆ. ಮೇಲೆ ಒಂದೇ ಕೋಣೆ, ಅದು ನನಗೂ ನನ್ನ ಗಂಡನಿಗೂ. ಮೇಲಕ್ಕೆ ಹೋಗಲು ಮನೆಯೊಳಗಿನಿಂದ ದಾರಿಯಿರಲಿಲ್ಲ. ಹಿಂದಿನ ಅಂಗಳದಲ್ಲಿ ಮರದ ಮೆಟ್ಟಿಲು ಹತ್ತಿದರೆ ಗೋಡೆಯುದ್ದಕ್ಕೂ ಒಂದು ಮರದ ಗ್ಯಾಲರಿ, ಆ ಗ್ಯಾಲರಿಯಿಂದ ಕೋಣೆಗೆ ಬಾಗಿಲು. ನನ್ನ ಗಂಡ ಬಾರಾಮತಿ ಕಡೆಯ ಸಕ್ಕರೆ ಕಾರಖಾನೆಯೊಂದರಲ್ಲಿ ಗುಮಾಸ್ತರಾಗಿದ್ದರು, ಹದಿನೈದು ದಿನಕ್ಕೊಮ್ಮೆ ಬಂದು ಹೋಗುತ್ತಿದ್ದರು. ಸ್ವರಾಜ್ಯ ಬರಲು ಇನ್ನೂ ಏಳೆಂಟು ವರ್ಷವಿತ್ತು.

ಆ ವರ್ಷ ನಾನು ಮುಲ್ಕಿ ಪರೀಕ್ಷೆಗೆ ಕೂರುವವಳಿದ್ದೆ. ಏಳನೆಯ ಇಯತ್ತೆಯ ಪರೀಕ್ಷೆ ಅದು, ಪಾಸಾದರೆ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುವ ಕೆಲಸ ಸಿಗುತ್ತಿತ್ತು. ಧಾರವಾಡದಲ್ಲಿ ಐದರವರೆಗೆ ಕನ್ನಡದಲ್ಲಿ ಓದಿದವಳು ಇಲ್ಲಿ ಮರಾಠಿಯಲ್ಲಿ ಬರೆಯಬೇಕಿತ್ತು. ಎರಡು ವರ್ಷ ಒಲೆಯ ಮುಂದೆ ಕೂತು ಆ ಭಾಷೆಯ ವ್ಯಾಕರಣವನ್ನು ಬಾಯಿಪಾಠ ಮಾಡಿದ್ದೆ. ಲೆಕ್ಕಕ್ಕೆ ಮಾತ್ರ ಯಾವ ಭಾಷೆಯಾದರೂ ಒಂದೇ, ಅದರಲ್ಲಿ ನನಗೆ ಹೆದರಿಕೆ ಇರಲಿಲ್ಲ. ಮಾವನವರ ವಿಷಯದಲ್ಲಿ ಒಂದು ನ್ಯಾಯದ ಮಾತು ಹೇಳಬೇಕು. ಫಾರ್ಮು ತಂದವರು ಅವರೇ, ಮುತ್ತಿನಂಥ ಅಕ್ಷರದಲ್ಲಿ ತುಂಬಿದವರೂ ಅವರೇ. ಬೀಗರೆಲ್ಲ ಮೂಗು ಮುರಿದಾಗ "ನಮ್ಮ ಸೊಸಿ ಓದತಾಳ, ನಿಮಗೇನು ತ್ರಾಸು?" ಎಂದು ಬಾಯಿ ಮುಚ್ಚಿಸಿದ್ದರು. ಆದರೆ ನನ್ನೊಡನೆ ಅವರು ಮಾತಾಡಿದವರಲ್ಲ, ನಾನೂ ಅವರೊಡನೆ ಆಡಿದವಳಲ್ಲ. ಸೊಸೆ ಮಾವನ ಎದುರು ನಿಂತು ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಏನಿದ್ದರೂ ಅತ್ತೆಯ ಮೂಲಕ. ಮದುವೆಯಾಗಿ ನಾಲ್ಕು ವರ್ಷದಲ್ಲಿ ಒಂದು ಪೂರ್ತಿ ವಾಕ್ಯ ನಮ್ಮಿಬ್ಬರ ನಡುವೆ ನೇರವಾಗಿ ಓಡಾಡಿರಲಿಲ್ಲ.

ಗ್ಯಾಲರಿಗೆ ಗೆದ್ದಲು ಹಿಡಿದಿತ್ತು. ಕಾಲಿಟ್ಟರೆ ಪುಡಿ ಉದುರುತ್ತಿತ್ತು. ಅದನ್ನು ಪೂರ್ತಿ ಕಿತ್ತು, ಸ್ವಲ್ಪ ಅಗಲ ಮಾಡಿ, ಹೊಸದಾಗಿ ಕಟ್ಟಿಸುವುದೆಂದು ಮಾವನವರು ನಿಶ್ಚಯಿಸಿದರು. ಪಂಚಾಂಗ ನೋಡಿ ಸೋಮವಾರ ಬೆಳಿಗ್ಗೆ ಮುಹೂರ್ತ ಇಟ್ಟರು. ಪರೀಕ್ಷೆ ಗುರುವಾರ ಹನ್ನೊಂದು ಗಂಟೆಗೆ, ಶಿವಾಜಿನಗರದ ಒಂದು ಶಾಲೆಯಲ್ಲಿ. ನಡುವೆ ಮೂರು ದಿನವಿದೆ, ಬುಧವಾರ ಸಂಜೆಗೆ ಮೆಟ್ಟಿಲು ಮತ್ತೆ ನಿಲ್ಲುತ್ತದೆ ಎಂಬುದು ಅವರ ಲೆಕ್ಕ. ಬಡಿಗ ಬೆಳಗಾವಿ ಕಡೆಯವನು, ನಮ್ಮ ಭಾಷೆಯವನೇ.

ಸೋಮವಾರ ನಸುಕಿನಲ್ಲಿ ನಾನು ಕಡಿಗಾದೆ. ತಿಂಗಳ ಮೂರು ದಿನ ನಾನು ಮೇಲಿನ ಕೋಣೆಯಲ್ಲೇ ದೂರ ಕೂರುತ್ತಿದ್ದೆ, ಕೆಳಗೆ ದೇವರಮನೆ ಇದ್ದುದರಿಂದ ಅಲ್ಲಿ ಕಾಲಿಡುವಂತಿರಲಿಲ್ಲ. ಬಡಿಗ ಆಗಲೇ ಬಾಚಿ, ಉಳಿ, ಗರಗಸಗಳಿಗೆ ಅರಿಸಿನ ಕುಂಕುಮ ಹಚ್ಚಿ ಕಾಯಿ ಒಡೆಯಲು ನಿಂತಿದ್ದ. ಅತ್ತೆ ಅಂಗಳದಿಂದ ಕತ್ತೆತ್ತಿ, "ಈಗೇನು ಮಾಡೋದವಾ? ಮುಹೂರ್ತ ತಪ್ಪಸಾಕ ಬರೂದಿಲ್ಲ. ಅಲ್ಲೇ ಕೂಡು. ನಾಲ್ಕನೇ ದಿನ ನೀ ಎರಕೊಳ್ಳೂದ್ರಾಗ ಮೆಟ್ಟಲಾ ಬಂದಿರ್ತಾವ," ಎಂದರು. ಸರಿ ಎನಿಸಿತು. ಮೂರು ದಿನ ಒಲೆಯ ಕಡೆ ಹೋಗಬೇಕಾಗಿಲ್ಲ, ಯಾರೂ ಕರೆಯುವುದಿಲ್ಲ, ಓದಬಹುದು. ಆ ದಿನಗಳಲ್ಲಿ ಪುಸ್ತಕ ಮುಟ್ಟಬಾರದೆಂದು ಶಾಸ್ತ್ರವಿದ್ದರೂ ಅತ್ತೆ ಅದನ್ನು ಕಂಡೂ ಕಾಣದಂತೆ ಬಿಡುತ್ತಿದ್ದರು. ನಾನು ಒಳಗೊಳಗೇ ಖುಷಿಪಟ್ಟೆ ಎಂದರೆ ಸುಳ್ಳಲ್ಲ.

ಹತ್ತು ಗಂಟೆಯ ಹೊತ್ತಿಗೆ ಮೆಟ್ಟಿಲು ಹೋಯಿತು, ಮಧ್ಯಾಹ್ನಕ್ಕೆ ಗ್ಯಾಲರಿ ಹೋಯಿತು. ಬಾಗಿಲು ತೆರೆದರೆ ಹೊಸ್ತಿಲಾಚೆ ಏನೂ ಇಲ್ಲ, ಹತ್ತು ಹನ್ನೆರಡು ಅಡಿ ಕೆಳಗೆ ಅಂಗಳದ ಕಲ್ಲುಚಪ್ಪಡಿ. ಕೋಣೆಯ ಮೂಲೆಯಲ್ಲಿ ಒಂದು ಸಣ್ಣ ಮೋರಿಯಿತ್ತು, ಅಷ್ಟು ಪುಣ್ಯ. ಊಟ ನೀರು ಹಗ್ಗದ ಬುಟ್ಟಿಯಲ್ಲಿ. ನಾನು ಬುಟ್ಟಿ ಇಳಿಸಬೇಕು, ಹಗ್ಗವನ್ನು ಕೈಯಿಂದ ಬಿಡಬೇಕು, ಅತ್ತೆ ಮೈಲಿಗೆಯಾಗದಂತೆ ಮೇಲಿನಿಂದ ಅನ್ನದ ತಟ್ಟೆ ಇಟ್ಟು ದೂರ ಸರಿಯಬೇಕು, ಆಮೇಲೆ ನಾನು ಎಳೆಯಬೇಕು. ಹಗ್ಗದ ತುದಿ ನನ್ನ ಬಾಗಿಲ ಚಿಲಕಕ್ಕೆ ಕಟ್ಟಿತ್ತು. ಎದುರು ಗೋಡೆಯಲ್ಲಿ ಗಲ್ಲಿಯ ಕಡೆಗೊಂದು ಕಿಟಕಿ, ಅದಕ್ಕೆ ಬೆರಳು ದಪ್ಪದ ಸರಳುಗಳು. ಒಂದು ಕಡೆ ಸರಳು, ಇನ್ನೊಂದು ಕಡೆ ಗಾಳಿ. ಮೊದಲ ದಿನ ಅದು ತಮಾಷೆಯಾಗಿಯೇ ಕಂಡಿತು.

ಅಂದು ಸಂಜೆಯೊಳಗೆ ಬಡಿಗ ಗೋಡೆಯಿಂದ ಐದು ಅಡಿ ಬಿಟ್ಟು ಹೊಸ ಕಂಬಗಳನ್ನು ಕಲ್ಲಿನ ಕುಳಿಯಲ್ಲಿ ನಿಲ್ಲಿಸಿ, ಬುಡಕ್ಕೆ ಗಾರೆ ತುಂಬಿ, ಮೇಲೆ ಉದ್ದಕ್ಕೆ ಒಂದು ತೊಲೆ ಕೂರಿಸಿದ. ಇನ್ನು ಗೋಡೆಗೂ ತೊಲೆಗೂ ನಡುವೆ ಹನ್ನೊಂದು ಜಂತಿ ಅಡ್ಡ ಹಾಸಿ, ಅವುಗಳ ಮೇಲೆ ಹಲಗೆ ಬಡಿದರೆ ಗ್ಯಾಲರಿ ಆಯಿತು.

ಮಂಗಳವಾರ ಬೆಳಿಗ್ಗೆ ಜಂತಿಗಳ ಸರದಿ. ಏಳೇಳು ಅಡಿಯ ತುಂಡುಗಳು ಅಂಗಳದಲ್ಲಿ ಸಾಲಾಗಿ ಬಿದ್ದಿದ್ದವು. ನಾನು ಹೊಸ್ತಿಲ ಬಳಿ ಪುಸ್ತಕ ಹಿಡಿದು ಕೂತಿದ್ದೆ.

ಬಡಿಗ ಹೇಳಿದ, "ರಾಯರ, ಮೊದಲ ಎಲ್ಲಾ ಜಂತಿ ಇದ್ದಷ್ಟು ಉದ್ದಕ್ಕ ಹಾಸಿಬಿಡೂಣ್ರಿ. ಗ್ವಾಡ್ಯಾಗ ಕೂತ ಮ್ಯಾಲೆ ಆ ತುದಿಗೆ ಕೆಮ್ಮಣ್ಣಿನ ದಾರ ಬಡದು ಒಂದ ಸಾಲಿಗೆ ಕೊಯ್ತೀನಿ. ಹಳೇ ಗ್ವಾಡಿ, ಎಲ್ಲಾ ಕಡೆ ಸಮ ಇರೂದಿಲ್ರಿ."

ಕೆಲಸ ಬಲ್ಲವನ ಮಾತು ಅದು. ಆದರೆ ಮಾವನವರಿಗೆ ಬೇರೆಯೇ ಅನುಮಾನ. ಕೊಯ್ದು ಬಿದ್ದ ತುಂಡು ಬಡಿಗನಿಗೆ ಸೇರುವುದು ವಾಡಿಕೆ. ಮೇಲೆ ಹತ್ತಿ ಕೂತು ಇವನು ಎಷ್ಟು ಉದ್ದದ ತುಂಡು ಹೊಡೆಯುತ್ತಾನೋ ಯಾರು ಕಂಡರು?

"ಬ್ಯಾಡಪಾ. ನನ್ನ ಕಣ್ಣ ಮುಂದ, ಇಲ್ಲೇ ನೆಲದ ಮ್ಯಾಲೆ ಅಳದು ಕೊಯ್ಯಿ. ಎಷ್ಟು ಬೇಕು ಜಂತಿ?"

"ಆರಡಿ ಆದ್ರ ಸಾಕ್ರಿ."

ಮಾವನವರು ಪಾಟಿ, ಬಳಪ ತರಿಸಿಕೊಂಡರು. ಮನೆಯ ಯಾವ ಭಾಗ ಕಟ್ಟಿದರೂ ಅದಕ್ಕೆ ಆಯ ನೋಡಬೇಕು. ಉದ್ದವನ್ನು ಅಗಲದಿಂದ ಗುಣಿಸಿ ಎಂಟರಿಂದ ಭಾಗಿಸಿದರೆ ಉಳಿಯುವ ಶೇಷವೇ ಆಯ. ಬೆಸ ಉಳಿದರೆ ಶುಭ, ಸಮ ಉಳಿದರೆ ಅಶುಭ. ಒಂದೊಂದು ಶೇಷಕ್ಕೂ ಒಂದೊಂದು ಹೆಸರು: ಮೂರಕ್ಕೆ ಸಿಂಹ, ನಾಲ್ಕಕ್ಕೆ ನಾಯಿ, ಐದಕ್ಕೆ ವೃಷಭ, ಹೀಗೆ. ಗ್ಯಾಲರಿಯ ಉದ್ದ ಹದಿನೇಳು ಅಡಿ. ಹದಿನೇಳು ಆರಲೆ ನೂರಾ ಎರಡು, ಎಂಟರಿಂದ ಭಾಗಿಸಿದರೆ ಉಳಿದದ್ದು ಆರು. ಆರೆಂದರೆ ಖರ, ಅಂದರೆ ಕತ್ತೆ.

"ಕತ್ತಿ!" ಎಂದು ಮಾವನವರು ಪಾಟಿಯನ್ನು ಬಡಿಗನ ಮುಖಕ್ಕೆ ಹಿಡಿದರು. "ನಮ್ಮ ಮನಿಗೆ ಕತ್ತಿ ಆಯ ಕಟ್ಟತೀಯೇನು? ಇದರಾಗ ನಾವು ಬಾಳೇ ಮಾಡಬೇಕೇನು?"

ಒರೆಸಿ ಮತ್ತೆ ಗುಣಿಸಿದರು. ಹದಿನೇಳು ಐದಲೆ ಎಂಬತ್ತೈದು. ಶೇಷ ಐದು. ವೃಷಭ. ಅವರ ಮುಖ ಅರಳಿತು.

"ಐದಡಿ. ಹನ್ನೊಂದೂ ಐದೈದಡಿ ಕೊಯ್ಯಿ."

"ರಾಯರ, ಅದು ಹಂಗಲ್ರಿ..."

"ಮೂವತ್ತು ವರ್ಷ ಸರಕಾರಕ್ಕ ಲೆಕ್ಕ ಬರದುಕೊಟ್ಟೀನಿ. ನೀ ನನಗ ಕಲಸಬ್ಯಾಡ. ಕೊಯ್ಯಿ."

ಬಡಿಗ ಬಾಯಿ ಮುಚ್ಚಿದ. ಮನೆ ಅವನದಲ್ಲ, ಮರ ಅವನದಲ್ಲ, ಬೀಳುವ ತುಂಡು ಮಾತ್ರ ಅವನದು. ಆರಡಿಗೆ ಕೊಯ್ದಿದ್ದರೆ ಒಂದಡಿಯ ತುಂಡು ಸಿಗುತ್ತಿತ್ತು, ಐದಕ್ಕೆ ಕೊಯ್ದರೆ ಎರಡಡಿಯದು. ಕಳ್ಳತನ ತಪ್ಪಿಸಲು ಹೋದ ಮಾವನವರು ಅವನಿಗೆ ಇಮ್ಮಡಿ ಉಂಬಳಿ ಕೊಟ್ಟಿದ್ದರು. ಅವನು ಗರಗಸ ಎತ್ತಿಕೊಂಡ.

ಮೇಲೆ ಕೂತ ನನ್ನ ತಲೆ ತಾನಾಗಿ ಲೆಕ್ಕ ಮಾಡತೊಡಗಿತು. ಗೋಡೆಗೂ ತೊಲೆಗೂ ನಡುವಿನ ಬಯಲೇ ಐದು ಅಡಿ. ಜಂತಿಯ ಒಂದು ತುದಿ ಗೋಡೆಯ ಗೂಡಿನಲ್ಲಿ ಅರ್ಧ ಅಡಿ ಕೂರಬೇಕು, ಇನ್ನೊಂದು ತುದಿ ತೊಲೆಯ ಮೇಲೆ ಅರ್ಧ ಅಡಿ. ಅದಕ್ಕೇ ಬಡಿಗ ಆರು ಎಂದಿದ್ದ. ಆಯ ನೋಡಬೇಕಾದದ್ದು ಓಡಾಡುವ ಜಾಗಕ್ಕೆ, ಮರದ ಉದ್ದಕ್ಕಲ್ಲ. ಆ ಜಾಗ ಐದೇ ಇತ್ತು. ಮಾವನವರಿಗೆ ಬೇಕಾದ ವೃಷಭ ಬಡಿಗನ ಅಳತೆಯಲ್ಲಿ ಮೊದಲೇ ಬಂದು ನಿಂತಿತ್ತು. ಈಗ ಐದು ಅಡಿಯ ಬಯಲಿಗೆ ಐದು ಅಡಿಯ ಜಂತಿ ಕೊಯ್ಯುತ್ತಿದ್ದರು. ಅದು ಯಾವುದರ ಮೇಲೆ ನಿಲ್ಲಬೇಕು?

ಅತ್ತೆ ಬುಟ್ಟಿಗೆ ರೊಟ್ಟಿ ಇಡಲು ಬಂದಾಗ ನಾನು ಬಗ್ಗಿ ಪಿಸುಗುಟ್ಟಿದೆ. "ಅತ್ತೀ, ಜಂತಿ ಗಿಡ್ಡ ಆಗ್ತಾವ. ಗ್ವಾಡಿ ಒಳಗ ಹೋಗೂದು, ತೊಲಿ ಮ್ಯಾಲೆ ಕೂಡೂದು ಲೆಕ್ಕದಾಗ ಹಿಡದಿಲ್ಲ. ಇನ್ನೂ ಮೂರ ಕೊಯ್ದಾರ. ಅವರಿಗೆ ಹೇಳ್ರಿ."

ಅತ್ತೆ ಒಮ್ಮೆ ಜಂತಿಗಳ ಕಡೆ, ಒಮ್ಮೆ ಗಂಡನ ಕಡೆ ನೋಡಿದರು. "ನಿಮ್ಮ ಮಾವನವರ ಲೆಕ್ಕ ತಪ್ಪೇದ ಅಂತ ನಾ ಹೋಗಿ ಹೇಳ್ಲೇನು? ಅದೂ ಬಡಿಗ್ಯಾನ ಮುಂದ? ಹೇಳಿ ಉಳೀಲೇನು ನಾನು? ಸುಮ್ಮನ ಓದ್ಕೋತ ಕೂಡವಾ."

ನಾನು ಸುಮ್ಮನೆ ಕೂತೆ. ಇನ್ನೂ ಎಂಟು ಜಂತಿ ಇದ್ದವು. ಒಂದೊಂದಕ್ಕೂ ಗರಗಸ ಮೊದಲು ತಡವರಿಸಿ, ಆಮೇಲೆ ಲಯ ಹಿಡಿದು, ಕೊನೆಗೆ ತುಂಡು ಕಲ್ಲಿನ ಮೇಲೆ ಟಣ್ಣೆಂದು ಬೀಳುತ್ತಿತ್ತು. ಬಾಗಿಲಲ್ಲಿ ನಿಂತು "ನಿಲ್ಲಸ್ರಿ" ಎಂದು ಕೂಗಿದ್ದರೆ ಮುಗಿಯುತ್ತಿತ್ತು. ಆಗ ಅದು ನನಗೆ ಬೆತ್ತಲೆ ನಿಂತಷ್ಟೇ ಅಸಾಧ್ಯವಾಗಿ ಕಂಡಿತು. ಪುಸ್ತಕದಲ್ಲಿ ತೊಟ್ಟಿಗೆ ನೀರು ತುಂಬುವ ಲೆಕ್ಕವೊಂದನ್ನು ಬಿಡಿಸುತ್ತ ಎಂಟನ್ನೂ ಎಣಿಸಿದೆ. ಆ ಲೆಕ್ಕದ ಉತ್ತರ ಸರಿ ಬಂತು.

ಬುಧವಾರ ಮೊದಲ ಜಂತಿಯನ್ನು ಎತ್ತಿದರು. ಗೋಡೆಯ ಗೂಡಿಗೆ ತುರುಕಿದರೆ ಈಚೆಯ ತುದಿ ತೊಲೆಗೆ ಅರ್ಧ ಅಡಿ ದೂರದಲ್ಲಿ ಗಾಳಿಯಲ್ಲಿ ನಿಂತಿತು. ತೊಲೆಯ ಮೇಲಿಟ್ಟರೆ ಗೋಡೆಗೆ ಸಾಲಲಿಲ್ಲ. ಬಡಿಗ ಏಣಿಯ ಮೇಲೆ ನಿಂತು ಜಂತಿಯನ್ನು ಆಚೆ ಈಚೆ ಜಗ್ಗಿದ. ಮಾವನವರು ಎರಡನೆಯದನ್ನು ಎತ್ತಿಸಿದರು, ಮೂರನೆಯದನ್ನು ಎತ್ತಿಸಿದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬವರು ನಾಲ್ಕನೆಯ ಕಾಲು ಕಂಡಾಗ ಹೇಗಿರುತ್ತಾರೆಂದು ಅಂದು ನೋಡಿದೆ. ಅವರ ಕಿವಿಗಳು ಕೆಂಪಾಗಿದ್ದವು.

"ತೊಲಿ ಈಚಿಗೆ ಸರಿಸು," ಎಂದರು.

"ಕಂಬಕ್ಕ ಗಾರಿ ಕುಡಸೈತ್ರಿ. ಕಲ್ಲ ಒಡೀಬೇಕಾಕ್ಕೈತಿ. ಹೊಸಾ ಜಂತಿ ತರೂದ ಪಾಡ್ರಿ. ಕಟಗಿ ಅಡ್ಡೆದಾಗ ಸೀಳಿಸಿ ತರಾಕ ಶನಿವಾರ ಆಕ್ಕೈತಿ."

ಶನಿವಾರ ಎಂಬ ಮಾತು ಕೇಳಿ ನಾನು ಪುಸ್ತಕ ಮುಚ್ಚಿ ಎದ್ದೆ. ಆ ಕೋಣೆ ಸಣ್ಣದೆಂದು ನನಗೆ ಅಲ್ಲಿಯವರೆಗೆ ಅನಿಸಿರಲಿಲ್ಲ. ಬಾಗಿಲಿಂದ ಕಿಟಕಿಗೆ ಒಂಬತ್ತು ಹೆಜ್ಜೆ. ಬುಧವಾರ ಮಧ್ಯಾಹ್ನವೆಲ್ಲ ಆ ಒಂಬತ್ತು ಹೆಜ್ಜೆಗಳನ್ನು ನಡೆದೆ. ಬುಟ್ಟಿ ಬಂದಾಗ ಅತ್ತೆಗೆ, "ನಾಳೆ ಏಣಿ ಹಾಕಸ್ರಿ, ಇಳದು ಹೋಗ್ತೀನಿ," ಎಂದೆ. ಅವರು ಅಂಗಳದ ಆ ಕಡೆ ಹೋಗಿ ಮಾತಾಡಿದರು. ಮಾವನವರ ಉತ್ತರ ನನಗೇ ಕೇಳುವಷ್ಟು ಜೋರಾಗಿ ಬಂತು.

"ನಮ್ಮ ಮನಿ ಸೊಸಿ ಮಂಗ್ಯಾನಂಗ ಏಣಿ ಇಳ್ಯಾಕಿ ಅಲ್ಲ. ಮುಂದಿನ ವಾಡೇದವರು ಖಿಡಕಿ ತಗದು ನೋಡ್ಕೋತ ಕೂತಿರ್ತಾರ. ನಾಳೆ ಹತ್ತರೊಳಗ ಮೆಟ್ಟಲಾ ನಿಂತಿರ್ತಾವ ಅಂತ ಹೇಳು. ತೊಲಿಗೊಂದು ಪಟ್ಟಿ, ಗ್ವಾಡಿಗೊಂದು ಪಟ್ಟಿ ಬಡದು ಜಂತಿ ಅದರ ಮ್ಯಾಲೆ ಕೂಡಸ್ತೀವಿ."

ನಾನು ಒಂಬತ್ತು ಗಜದ ಸೀರೆ ಕಚ್ಚೆ ಹಾಕಿ ಉಡುವವಳು. ತವರಿನಲ್ಲಿ ಹಪ್ಪಳ ಒಣಹಾಕಲು ದಿನಕ್ಕೆ ಹತ್ತು ಸಲ ಮಾಳಿಗೆಗೆ ಏಣಿ ಹತ್ತಿ ಇಳಿದಿದ್ದೇನೆ. ಆದರೆ ಇದನ್ನೂ ಯಾರಿಗೆ ಹೇಳುವುದು?

ಗುರುವಾರ ಬೆಳಗಾಗುತ್ತಲೇ ಅತ್ತೆ ಬಿಸಿನೀರಿನ ಕೊಡಗಳನ್ನು ಕಳಿಸಿದರು. ಎಳೆದು ಎಳೆದು ಅಂಗೈ ಕಂದಿತು. ಎರೆದುಕೊಂಡು, ಮಡಿಸೀರೆ ಉಟ್ಟು, ಪರೀಕ್ಷೆಯ ಚೀಟಿ, ಬರೆಯುವ ಟಾಕು, ಎರಡು ಸೀಸದ ಕಡ್ಡಿ ಕೈಚೌಕದಲ್ಲಿ ಕಟ್ಟಿಕೊಂಡು ಎಂಟು ಗಂಟೆಗೇ ಹೊಸ್ತಿಲಲ್ಲಿ ನಿಂತೆ. ಕೆಳಗೆ ಬಡಿಗ ತೊಲೆಯ ಪಕ್ಕಕ್ಕೆ ಪಟ್ಟಿ ಬಡಿಯುತ್ತಿದ್ದ. ಒಂಬತ್ತಕ್ಕೆ ಅದು ಮುಗಿಯಿತು. ನನಗೆ ಆಸೆ ಹುಟ್ಟಿತು. ಆಮೇಲೆ ಗೋಡೆಯ ಪಟ್ಟಿ. ಮೊದಲ ಮೊಳೆಗೇ ಹಳೆಯ ಇಟ್ಟಿಗೆ ಪುಡಿಯಾಗಿ ಉದುರಿತು. ಅರ್ಧ ಅಡಿ ಸರಿಸಿ ಇನ್ನೊಂದು ಮೊಳೆ, ಅಲ್ಲೂ ಮಣ್ಣು.

"ಇನ್ನೊಂದು ಸಲ ನೋಡು," ಎಂದರು ಮಾವನವರು. ಪಡಸಾಲೆಯ ಗಡಿಯಾರ ಹತ್ತು ಬಾರಿಸಿತು.

"ರಾಯರ, ಏಣಿ ಹಚ್ಚಿ ತಂಗ್ಯಾರನ್ನ ಇಳಿಸಿಬಿಡ್ರಿ. ನಾ ಬೇಕಾರ ಗಲ್ಲಿ ತುದಿಗೆ ಹೋಗಿ ನಿಂದರತೀನಿ," ಎಂದ ಬಡಿಗ. ಆ ಮನುಷ್ಯನ ಮೇಲಿದ್ದ ಸಿಟ್ಟೆಲ್ಲ ನನಗೆ ಆ ಒಂದು ಮಾತಿಗೆ ಇಳಿದುಹೋಯಿತು.

"ಇನ್ನೊಂದು ಸಲ ನೋಡು ಅಂದೆ."

ಕಿಟಕಿಗೆ ಹೋದೆ. ಗಲ್ಲಿಯಲ್ಲಿ ಇಬ್ಬರು ಹುಡುಗಿಯರು ಒಬ್ಬರನ್ನೊಬ್ಬರು ಪ್ರಶ್ನೆ ಕೇಳಿಕೊಳ್ಳುತ್ತ ಹೋಗುತ್ತಿದ್ದರು, ಒಬ್ಬಳ ಬೆರಳಿಗೆ ಮಸಿ ಮೆತ್ತಿತ್ತು. ಮತ್ತೆ ಬಾಗಿಲಿಗೆ ಬಂದೆ. ಹಾರಿಬಿಡಲೇ ಎಂದು ನಿಜವಾಗಿಯೂ ಯೋಚಿಸಿದೆ. ಕಾಲು ಮುರಿದರೆ ಟಾಂಗಾದಲ್ಲಿ ಎತ್ತಿಕೊಂಡು ಹೋಗಿಯಾರು, ಬರೆಯುವುದು ಕೈಯಿಂದ ತಾನೆ ಎಂದೆಲ್ಲ. ಹತ್ತೂವರೆಗೆ ಬಾಯಿ ತೆರೆದು, "ಮಾವನವರ..." ಎಂದೆ. ದನಿ ಹೊರಗೆ ಬಂತೋ ಇಲ್ಲವೋ. ಅವರು ತಲೆಯೆತ್ತಲಿಲ್ಲ. ಸುತ್ತಿಗೆಯ ಸದ್ದು ಜೋರಾಗಿತ್ತು. ಎರಡನೆಯ ಸಲ ನಾನು ಕರೆಯಲಿಲ್ಲ.

ಹನ್ನೊಂದು ಬಾರಿಸಿತು. ಹನ್ನೆರಡು ಬಾರಿಸಿತು. ನಾನು ಗೋಡೆಗೆ ಒರಗಿ ಕೂತು, ಗಂಟು ಬಿಚ್ಚದೆ ತೊಡೆಯ ಮೇಲಿಟ್ಟುಕೊಂಡಿದ್ದೆ. ಅಳು ಬರಲಿಲ್ಲ, ಮೈಯೆಲ್ಲ ಉರಿಯುತ್ತಿತ್ತು. ಒಂದು ಗಂಟೆಯ ಹೊತ್ತಿಗೆ ಗೋಡೆಯ ಗೂಡಿನ ಒಂದು ಮಗ್ಗುಲು ಸಡಿಲಾಗಿ ಮಣ್ಣು ಜಾರಿತು. ಆಗ ಮಾವನವರು ಅಂಗವಸ್ತ್ರದಿಂದ ಮುಖ ಒರೆಸಿಕೊಂಡು, "ಏಣಿ ಹಚ್ಚು," ಎಂದರು. ಬಡಿಗನನ್ನು ಗಲ್ಲಿಗೆ ಕಳಿಸಿದರು. ಅತ್ತೆ ಏಣಿಯ ಬುಡ ಹಿಡಿದರು. ನಾನು ಇಳಿದೆ. ಹನ್ನೆರಡು ಮೆಟ್ಟು, ಒಂದು ನಿಮಿಷವೂ ಹಿಡಿಯಲಿಲ್ಲ.

ಕೆಳಗೆ ಕಾಲಿಟ್ಟಾಗ ಮಾವನವರು ಅಲ್ಲೇ ನಿಂತಿದ್ದರು. ನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

"ಮಂಗಳವಾರ ಮ್ಯಾಲೆ ಕೂತು ಎಲ್ಲಾ ನೋಡ್ಲಿಕ್ಕತ್ತಿದ್ದೆಲ್ಲ. ಜಂತಿ ಗಿಡ್ಡ ಆಗ್ತಾವ ಅಂತ ನಿನಗ ಹೊಳೀಲಿಲ್ಲೇನು?"

ಅತ್ತೆ ಇನ್ನೂ ಏಣಿ ಹಿಡಿದೇ ಇದ್ದರು. ನನ್ನ ಕಡೆ ನೋಡಿದರು. ಆ ನೋಟದಲ್ಲಿ ಬೇಡಿಕೆಯಿತ್ತು, ಹೆದರಿಕೆಯಿತ್ತು. ಹೊಳೆದಿತ್ತು ಎಂದರೆ, ಯಾರಿಗೆ ಹೇಳಿದೆ ಎಂದು ಮುಂದಿನ ಪ್ರಶ್ನೆ ಬರುತ್ತದೆ. ಐವತ್ತು ದಾಟಿದ ಆ ಹೆಂಗಸು ಗಂಡನ ಮುಂದೆ ಹೀಗೆ ನಿಂತದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

"ಇಲ್ಲರಿ," ಎಂದೆ. "ನನಗ ಗೊತ್ತಾಗಲಿಲ್ಲ."

ಮಾವನವರ ಮುಖದ ಗಂಟು ಮೆಲ್ಲಗೆ ಸಡಿಲಾಯಿತು. ಅವರಿಗೆ ಉಸಿರು ಬಂದಂತಾಯಿತು.

"ಅಲ್ಲಾ, ಇಷ್ಟು ಲೆಕ್ಕ ಹೊಳೀಲಿಲ್ಲ ಅಂದ್ರ ಅಲ್ಲಿ ಹೋಗಿ ಏನು ಬರೀತಿದ್ದಿ? ಒಂದು ರೀತಿ ಹೋಗದಿದ್ದದ್ದ ಪಾಡಾತು. ಫೇಲಾಗಿದ್ರ ನಾಕು ಮಂದ್ಯಾಗ ಮಾರಿ ತೋರಸಾಕ ಬರ್ತಿರಲಿಲ್ಲ."

ಹಾಗೆಂದು ಅವರು ಕೈಕಾಲು ತೊಳೆಯಲು ಹೋದರು. ಅತ್ತೆ ಏಣಿ ಬಿಟ್ಟು ನನಗೆ ಎಲೆ ಹಾಕಿದರು. ಹಸಿವಾಗಿತ್ತು, ಉಂಡೆ. ಮರುವರ್ಷ ಯಾರೂ ಫಾರ್ಮು ತರಲಿಲ್ಲ, ಸೊಸೆಗೆ ಲೆಕ್ಕ ಅಷ್ಟಕ್ಕಷ್ಟೇ ಎಂದು ಮಾವನವರು ಬಂದವರೆದುರು ನೊಂದುಕೊಂಡು ಹೇಳುತ್ತಿದ್ದರು. ಅಡುಗೆಮನೆಯಲ್ಲಿ ನಾನು, ಅತ್ತೆ ಇಬ್ಬರೂ ಅದನ್ನು ಕೇಳುತ್ತಿದ್ದೆವು, ಇಬ್ಬರೂ ತಲೆಯೆತ್ತುತ್ತಿರಲಿಲ್ಲ. ಅವರು ತೀರಿಕೊಳ್ಳುವವರೆಗೂ ಹಾಗೆಯೇ ತಿಳಿದಿದ್ದರು.